ಆಕ್ಸಿಜನ್ ಪ್ಲಾಂಟ್‌ಗೆ ಪೇಟೆಂಟ್: ಎಷ್ಟು ಬಿಚ್ಚಿಡಬೇಕು, ಎಷ್ಟು ನಮ್ಮ ಹತ್ತಿರ ಇಟ್ಟುಕೊಳ್ಳಬಹುದು?

ಮುಂಡರಗಿ ಶೆಡ್

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಮುಂಡರಗಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮದೊಂದು ಫ್ಯಾಬ್ರಿಕೇಷನ್ ಶೆಡ್ ಇದೆ. ಫೌಂಡ್ರಿಗಳಿಗೆ ಬೇಕಾಗುವ ಸಣ್ಣ ಆಕ್ಸಿಜನ್ ಪ್ಲಾಂಟ್ ಮಾಡುತ್ತೇವೆ. ಎರಡು ಬೆಡ್‌ನ ವಿಪಿಎಸ್‌ಎ, ಅಂದರೆ ಒತ್ತಡ ಮತ್ತು ವ್ಯಾಕ್ಯೂಮ್ ಸರದಿಯಲ್ಲಿ ಬಳಸಿ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸುವ ಪ್ಲಾಂಟ್. ಬ್ಲೋವರ್ ಗಾಳಿ ತಳ್ಳುತ್ತದೆ, ಬೆಡ್‌ನಲ್ಲಿರುವ ಜಿಯೋಲೈಟ್ ಅನ್ನುವ ಸೂಕ್ಷ್ಮ ರಂಧ್ರಗಳ ಕಾಳು ನೈಟ್ರೋಜನ್ ಹಿಡಿದುಕೊಳ್ಳುತ್ತದೆ, ಮೇಲಿನಿಂದ ಆಕ್ಸಿಜನ್ ಬರುತ್ತದೆ. ಆಮೇಲೆ ವ್ಯಾಕ್ಯೂಮ್ ಪಂಪ್ ಆ ನೈಟ್ರೋಜನ್ ಎಳೆದು ಹೊರಗೆ ಹಾಕುತ್ತದೆ. ಒಂದು ಬೆಡ್ ದುಡಿಯುವಾಗ ಇನ್ನೊಂದು ಖಾಲಿಯಾಗುತ್ತಿರುತ್ತದೆ.

ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತೇ ಇದೆ. ಏಪ್ರಿಲ್, ಮೇ ಬಂತೆಂದರೆ ಪ್ಯೂರಿಟಿ ಇಳಿಯುತ್ತದೆ. ಮಳೆಗಾಲದಲ್ಲಿ ತೇವ ನುಗ್ಗಿ ಕೆಳಗಿನ ಜಿಯೋಲೈಟ್ ಕೆಡುತ್ತದೆ. ಇದಕ್ಕೆ ಬೆಡ್‌ನ ತಳದಲ್ಲಿ ಒಂದು ವ್ಯವಸ್ಥೆ ಮಾಡಿ, ಅದಕ್ಕೆ ತಕ್ಕಂತೆ ವಾಲ್ವ್ ಟೈಮಿಂಗ್ ತಾನೇ ಬದಲಾಗುವ ಹಾಗೆ ಮಾಡಿದ್ದೇವೆ. ಚೆನ್ನಾಗಿ ಓಡುತ್ತಿದೆ. ಪೇಟೆಂಟ್ ಹಾಕಬೇಕು ಅಂತ ಇದೆ.

ನನ್ನ ಪ್ರಶ್ನೆ ಇಷ್ಟೇ. ಟೈಮಿಂಗ್ ಲೆಕ್ಕ ಇದೆಯಲ್ಲ, ಅದೇ ನಮ್ಮ ಜೀವ. ಪೇಟೆಂಟ್‌ನಲ್ಲಿ ಪ್ಲಾಂಟ್ ಚಿತ್ರ ಹಾಕಿ, "ತಾಪಮಾನಕ್ಕೆ ತಕ್ಕಂತೆ ಸೈಕಲ್ ಹೊಂದಿಸಲಾಗುತ್ತದೆ" ಅಂತ ಬರೆದು, ಲೆಕ್ಕ ಮಾತ್ರ ನಮ್ಮ ಹತ್ತಿರ ಇಟ್ಟುಕೊಂಡರೆ ನಡೆಯುತ್ತಾ? ಇನ್ನೊಂದು, ಗ್ಯಾಸ್ ಕಟಿಂಗ್‌ನವರು ಶೇ. 99.5 ಕೇಳುತ್ತಾರೆ. ಕ್ಲೇಮ್‌ನಲ್ಲಿ, ಅಂದರೆ ಇಷ್ಟು ನಮ್ಮದು ಅಂತ ಹಕ್ಕು ಕೇಳುವ ಭಾಗದಲ್ಲಿ, "ಶೇ. 90ರಿಂದ 99.5" ಅಂತ ಹಾಕಿಬಿಡಬಹುದಾ?

ಗಂಗಾವತಿ ಫ್ಯಾಬ್ರಿಕೇಟರ್

ಅಣ್ಣಾರ, ನನ್ನ ಮಾತು ಕೇಳಿದರೆ ಪೇಟೆಂಟೇ ಬೇಡ. ನಾವು ರೈಸ್ ಮಿಲ್‌ಗೆ ಮೆಷಿನ್ ಮಾಡುವವರು. ನಮ್ಮ ಒಂದು ಮೆಷಿನ್‌ನ ಡ್ರಾಯಿಂಗನ್ನು ದೊಡ್ಡ ಗಿರಾಕಿಯೊಬ್ಬರು ಕೊಟೇಷನ್ ಜೊತೆ ತರಿಸಿಕೊಂಡರು. ಮುಂದಿನ ಸೀಸನ್‌ಗೆ ಅದೇ ಮೆಷಿನ್ ಬೇರೆಯವರ ಹೆಸರಲ್ಲಿ ಅವರ ಮಿಲ್‌ನಲ್ಲಿ ನಿಂತಿತ್ತು. ಬರೆದು ಕೊಟ್ಟಿದ್ದು ಹೋಯಿತು ಅಂತಲೇ ಲೆಕ್ಕ. ವಾಲ್ವ್ ನಡೆಸುವ ಕಂಟ್ರೋಲರ್ ಇದೆಯಲ್ಲ, ಆ ಪಿಎಲ್‌ಸಿಗೆ ಪಾಸ್‌ವರ್ಡ್ ಹಾಕಿ ಸುಮ್ನೆ ವ್ಯಾಪಾರ ಮಾಡಿ.

ಕ್ಲೇಮ್ ಕಪಾಟು

ನಾನು ಪೇಟೆಂಟ್ ಏಜೆಂಟ್. ಊರು ಕೊಪ್ಪಳ, ಕೆಲಸ ಬೆಂಗಳೂರಿನಲ್ಲಿ. ಮುಂಡರಗಿ ಸರ್, ಮೊದಲು ಒಂದು ಮಾತು. ತಳದ ವ್ಯವಸ್ಥೆ ಏನು, ಲೆಕ್ಕ ಏನು ಅಂತ ದಯವಿಟ್ಟು ಇಲ್ಲಿ ಬರೆಯಬೇಡಿ. ಅರ್ಜಿ ಹಾಕುವ ಮೊದಲು ಎಲ್ಲರೂ ಓದುವ ಜಾಗದಲ್ಲಿ ಬರೆದರೆ ಅದೂ ಪ್ರಕಟಣೆಯೇ. ಆಮೇಲೆ ಹೊಸತನ ಇಲ್ಲ ಅಂತ ನಿಮ್ಮ ಮಾತನ್ನೇ ನಿಮ್ಮ ಮುಂದೆ ಇಡುತ್ತಾರೆ. ಇಲ್ಲಿಯವರೆಗೆ ಬರೆದದ್ದರಿಂದ ತೊಂದರೆ ಇಲ್ಲ.

ಈಗ ನಿಮ್ಮ ಪ್ರಶ್ನೆ. ನಡೆಯುವುದಿಲ್ಲ. 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 10(4) ನೇರವಾಗಿಯೇ ಹೇಳುತ್ತದೆ. ಆವಿಷ್ಕಾರ ಏನು, ಹೇಗೆ ಕೆಲಸ ಮಾಡುತ್ತದೆ, ಅದನ್ನು ಮಾಡುವ ವಿಧಾನ ಏನು, ಎಲ್ಲವನ್ನೂ ಪೂರ್ತಿಯಾಗಿ, ನಿರ್ದಿಷ್ಟವಾಗಿ ವಿವರಿಸಬೇಕು. ಅದರ ಜೊತೆಗೆ, ನಿಮಗೆ ಗೊತ್ತಿರುವ ಅತ್ಯುತ್ತಮ ವಿಧಾನವನ್ನೂ ಹೇಳಬೇಕು. ಈ ಎರಡನೆಯದನ್ನು ತುಂಬಾ ಜನ ಮರೆಯುತ್ತಾರೆ. ಸುಮಾರಾಗಿ ಓಡುವ ಟೈಮಿಂಗ್ ಬರೆದು, ಚೆನ್ನಾಗಿ ಓಡುವ ಟೈಮಿಂಗ್ ಜೇಬಿನಲ್ಲಿ ಇಟ್ಟುಕೊಳ್ಳಲು ನಮ್ಮ ಕಾನೂನು ಬಿಡುವುದಿಲ್ಲ.

ಬಿಟ್ಟರೆ ಏನಾಗುತ್ತದೆ? ಗ್ರಾಂಟ್ ಆಗುವ ಮೊದಲು ಯಾರಾದರೂ ಸೆಕ್ಷನ್ 25(1) ಅಡಿ ಆಕ್ಷೇಪಣೆ ಹಾಕಬಹುದು. ಗ್ರಾಂಟ್ ಆದ ಮೇಲೆ ಸೆಕ್ಷನ್ 64(1)(ಎಚ್) ಅಡಿ ರದ್ದು ಮಾಡಿಸಬಹುದು. ಅಲ್ಲಿ ಅಳತೆಗೋಲು ಏನು ಗೊತ್ತಾ? ಆ ಕ್ಷೇತ್ರದಲ್ಲಿ ಸರಾಸರಿ ಕೌಶಲ, ಸರಾಸರಿ ಜ್ಞಾನ ಇರುವ, ಭಾರತದಲ್ಲಿರುವ ಒಬ್ಬ ವ್ಯಕ್ತಿ. ಅವನ ಕೈಗೆ ನಿಮ್ಮ ವಿವರಣೆ ಕೊಟ್ಟರೆ, ಬೇರೆ ಯಾರನ್ನೂ ಕೇಳದೆ ಅವನು ಪ್ಲಾಂಟ್ ಓಡಿಸಬೇಕು.

ಮುಂಡರಗಿ ಶೆಡ್

ಮೇಡಂ, ಹಾಗಾದರೆ ಪಕ್ಕದ ಶೆಡ್‌ನವನೂ ಓದಿ ಮಾಡಿಬಿಡುತ್ತಾನಲ್ಲ?

ಕ್ಲೇಮ್ ಕಪಾಟು

ಓದಬಹುದು. ಮಾಡಿ ಮಾರುವ ಹಾಗಿಲ್ಲ. ಗ್ರಾಂಟ್ ಆದರೆ, ಅರ್ಜಿ ಹಾಕಿದ ದಿನದಿಂದ 20 ವರ್ಷ ಆ ಹಕ್ಕು ನಿಮ್ಮದು. ಅದಕ್ಕೆ ಬದಲಾಗಿ ನೀವು ಲೋಕಕ್ಕೆ ಕಲಿಸಿಕೊಡುತ್ತೀರಿ. ಕೊಡು-ತೆಗೆದುಕೊಳ್ಳುವ ಲೆಕ್ಕ ಅಷ್ಟೇ. ತೆಗೆದುಕೊಳ್ಳುತ್ತೇನೆ, ಕೊಡುವುದಿಲ್ಲ ಅಂದರೆ ಆಗುವುದಿಲ್ಲ.

ಗಂಗಾವತಿ ಅಣ್ಣಾರ, ನಿಮಗೆ ಆದದ್ದು ಅನ್ಯಾಯವೇ. ಆದರೆ ಅರ್ಜಿ ಹಾಕಿಟ್ಟು ಆಮೇಲೆ ಡ್ರಾಯಿಂಗ್ ಕೊಟ್ಟಿದ್ದರೆ ನಿಮ್ಮ ಕೈಯಲ್ಲಿ ಒಂದು ಆಯುಧ ಇರುತ್ತಿತ್ತು. ಗುಟ್ಟಾಗಿ ಇಟ್ಟುಕೊಳ್ಳುವುದೂ ಒಂದು ದಾರಿ, ತಪ್ಪಲ್ಲ. ಬಿಚ್ಚಿ ನೋಡಿದರೂ ಗೊತ್ತಾಗದ ವಸ್ತುವಿಗೆ ಅದು ಸರಿ. ಪಾಸ್‌ವರ್ಡ್ ಹಾಕಿದ ಪಿಎಲ್‌ಸಿ ಮುಂದೆ ಒಬ್ಬ ಮನುಷ್ಯ ಸ್ಟಾಪ್‌ವಾಚ್ ಹಿಡಿದು ನಿಂತರೆ ಸಾಕು, ಯಾವ ವಾಲ್ವ್ ಎಷ್ಟು ಸೆಕೆಂಡಿಗೆ ತೆರೆಯುತ್ತದೆ ಅಂತ ಬರೆದುಕೊಳ್ಳುತ್ತಾನೆ. ಬೇಸಿಗೆಯಲ್ಲಿ ಒಮ್ಮೆ, ಚಳಿಯಲ್ಲಿ ಒಮ್ಮೆ ಬಂದರೆ ಲೆಕ್ಕವೂ ಹೊರಗೆ ಬರುತ್ತದೆ. ಇಂಥ ಮೆಷಿನ್‌ನಲ್ಲಿ ಗುಟ್ಟು ಜಾಸ್ತಿ ದಿನ ನಿಲ್ಲುವುದಿಲ್ಲ.

ಕೋಲ್ಡ್ ಬಾಕ್ಸ್ ತೋರಣಗಲ್ಲು

ನಾನು ಏರ್ ಸೆಪರೇಷನ್ ಪ್ಲಾಂಟ್‌ನಲ್ಲಿ ಕೆಲಸ ಮಾಡುತ್ತೇನೆ. ಶೇ. 99.5ರ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಅಣ್ಣ, ಆ ಅಂಕಿ ನಿಮ್ಮ ಬೆಡ್‌ನಿಂದ ಬರುವುದಿಲ್ಲ. ಕಾನೂನು ಬಿಡಿ, ಗಾಳಿಯೇ ಬಿಡುವುದಿಲ್ಲ.

ಒಣ ಗಾಳಿಯಲ್ಲಿ ನೈಟ್ರೋಜನ್ ಶೇ. 78.08, ಆಕ್ಸಿಜನ್ ಶೇ. 20.95, ಆರ್ಗಾನ್ ಶೇ. 0.93. ನಿಮ್ಮ ಜಿಯೋಲೈಟ್ ಹಿಡಿಯುವುದು ನೈಟ್ರೋಜನ್ ಮಾತ್ರ. ಆರ್ಗಾನ್ ಆಕ್ಸಿಜನ್ ಜೊತೆಗೇ ಹೊರಟುಬಿಡುತ್ತದೆ. ನೈಟ್ರೋಜನ್ ಒಂದು ಚೂರೂ ಉಳಿಯದ ಹಾಗೆ ತೆಗೆದಿರಿ ಅಂತಲೇ ಇಟ್ಟುಕೊಳ್ಳಿ. ಉಳಿಯುವುದು 20.95 ಆಕ್ಸಿಜನ್, 0.93 ಆರ್ಗಾನ್. 20.95ನ್ನು 21.88ರಿಂದ ಭಾಗಿಸಿ. ಶೇ. 95.7 ಬರುತ್ತದೆ. ಅದು ಕಾಗದದ ಮೇಲಿನ ಕೊನೆಯ ಮಿತಿ. ಓಡುವ ಪ್ಲಾಂಟ್‌ನಲ್ಲಿ ಶೇ. 90ರಿಂದ 93 ಬಂದರೆ ಒಳ್ಳೆಯದೇ. ಆಸ್ಪತ್ರೆಯ ಪಿಎಸ್‌ಎ (ಇದೇ ಜಾತಿಯ, ವ್ಯಾಕ್ಯೂಮ್ ಪಂಪ್ ಇಲ್ಲದ) ಪ್ಲಾಂಟ್‌ಗಳಿಗೂ ಶೇ. 93, ಮೂರು ಹೆಚ್ಚು-ಕಮ್ಮಿ ಅಂತ ಇಟ್ಟಿರುವುದು ಇದೇ ಕಾರಣಕ್ಕೆ.

99.5 ಬೇಕು ಅಂದರೆ ನಮ್ಮ ದಾರಿಗೆ ಬರಬೇಕು. ಗಾಳಿಯನ್ನು ಐದಾರು ಬಾರ್‌ಗೆ ಒತ್ತಿ, ನೀರು, ಕಾರ್ಬನ್ ಡೈಆಕ್ಸೈಡ್ ತೆಗೆದು, ದ್ರವ ಆಗುವಷ್ಟು ತಣ್ಣಗೆ ಮಾಡಿ, ಎತ್ತರದ ಕಾಲಂನಲ್ಲಿ ಬೇರ್ಪಡಿಸಬೇಕು. ಆಕ್ಸಿಜನ್ ಕುದಿಯುವುದು ಮೈನಸ್ 183 ಡಿಗ್ರಿಗೆ, ಆರ್ಗಾನ್ ಮೈನಸ್ 185.8ಕ್ಕೆ. ಮೂರು ಡಿಗ್ರಿಯೂ ಅಂತರ ಇಲ್ಲ. ಆ ಚಿಕ್ಕ ಸಂದಿಯಲ್ಲಿ ಇಬ್ಬರನ್ನೂ ಬಿಡಿಸುವುದಕ್ಕೇ ಕಾಲಂ ಅಷ್ಟು ಎತ್ತರ. ಜರ್ಮನಿಯ ಎಂಜಿನಿಯರ್ ಲಿಂಡೆ 1902ರಲ್ಲಿ ಒಂದೇ ಕಾಲಂನಲ್ಲಿ ಶುರು ಮಾಡಿ, 1910ರಲ್ಲಿ ಎರಡು ಕಾಲಂ ಒಂದರ ಮೇಲೊಂದು ಕೂರಿಸಿದ. ಇವತ್ತಿಗೂ ಮೂಲ ವಿನ್ಯಾಸ ಅದೇ.

ಮುಂಡರಗಿ ಶೆಡ್

ಆ ಮಿತಿ ನನಗೂ ಗೊತ್ತು ಸರ್. ನಮ್ಮ ಮೀಟರ್‌ನಲ್ಲೂ 94 ದಾಟಿ ನೋಡಿಲ್ಲ. ಮುಂದೆ ಆರ್ಗಾನ್ ತೆಗೆಯುವ ಇನ್ನೊಂದು ಹಂತ ಸೇರಿಸೋಣ ಅಂತ ಆಲೋಚನೆ ಇದೆ. ಅದಕ್ಕೂ ಈಗಲೇ ಜಾಗ ಹಿಡಿದಿಟ್ಟುಕೊಳ್ಳೋಣ ಅಂತ.

ಕ್ಲೇಮ್ ಕಪಾಟು

ಇದನ್ನೇ ನಾನು ಬಿಡಿಸಿ ಹೇಳಬೇಕು ಅಂತ ಇದ್ದೆ. ಮುಂದೆ ಮಾಡುವುದಕ್ಕೆ ಈಗ ಜಾಗ ಹಿಡಿಯಲು ಆಗುವುದಿಲ್ಲ. ಎಷ್ಟು ಕ್ಲೇಮ್ ಮಾಡುತ್ತೀರೋ ಅಷ್ಟೂ ಮಾಡಿ ತೋರಿಸುವ ವಿವರ ಒಳಗಿರಬೇಕು. "90ರಿಂದ 99.5" ಅಂತ ಬರೆದರೆ, 99.5 ಬರುವ ವಿಧಾನವೂ ವಿವರಣೆಯಲ್ಲಿ ಇರಬೇಕು. ಇಲ್ಲದಿದ್ದರೆ ಎದುರಾಳಿ ತೋರಣಗಲ್ಲು ಸರ್ ಮಾಡಿದ ಭಾಗಾಕಾರವನ್ನೇ ಹಾಜರುಪಡಿಸಿದರೆ ಸಾಕು. ಕ್ಲೇಮ್ ವಿವರಣೆಯ ಮೇಲೆ ನ್ಯಾಯವಾಗಿ ನಿಂತಿರಬೇಕು ಅಂತ ಸೆಕ್ಷನ್ 10(5) ಹೇಳುತ್ತದೆ. 95.7ರ ಮೇಲಿನ ಭಾಗಕ್ಕೆ ನಿಮಗೆ ನಿಲ್ಲಲು ನೆಲವೇ ಇಲ್ಲ.

ಆರ್ಗಾನ್ ಹಂತ ನಿಜವಾಗಿ ಮಾಡಿದ ದಿನ ಅದಕ್ಕೆ ಬೇರೆ ಅರ್ಜಿ ಹಾಕಿ. ಮೂಲ ಪ್ಲಾಂಟ್‌ನ ಸುಧಾರಣೆ ಅನ್ನುವಂತಿದ್ದರೆ ಸೆಕ್ಷನ್ 54ರ ಪ್ರಕಾರ ಅಡಿಷನ್ ಪೇಟೆಂಟ್ ಅಂತ ಕೇಳಬಹುದು. ಅದಕ್ಕೆ ರಿನ್ಯೂವಲ್ ಫೀಸ್ ಇಲ್ಲ, ಮೂಲ ಪೇಟೆಂಟ್ ಮುಗಿದಾಗ ಅದೂ ಮುಗಿಯುತ್ತದೆ.

ರಾಯಚೂರು ಮೇಷ್ಟ್ರು

ತರಗತಿಯಲ್ಲಿ ಈ ವಿಷಯ ಬಂದಾಗ ನಾನು ಎರಡು ಹಳೆಯ ಕೇಸು ಹೇಳುತ್ತೇನೆ. ಎರಡೂ ಅಮೆರಿಕದವು. ನಮ್ಮ ಕೋರ್ಟಿಗೆ ಅವು ಕಟ್ಟಳೆಯಲ್ಲ, ಆದರೆ ವಿಷಯ ತಲೆಗೆ ಹೋಗುತ್ತದೆ.

ಮೊದಲನೆಯದು 1895ರ ಬಲ್ಬ್ ಕೇಸು. ಸಾಯರ್ ಮತ್ತು ಮ್ಯಾನ್ ಅನ್ನುವವರು ಸುಟ್ಟ ಕಾಗದದ ತಂತಿಯಿಂದ ಬಲ್ಬ್ ಉರಿಸಿದ್ದರು. ಕ್ಲೇಮ್ ಮಾತ್ರ ನಾರಿರುವ ಎಲ್ಲ ಸಸ್ಯ ವಸ್ತುವಿಗೂ ಹಾಕಿದರು. ಎಡಿಸನ್ ಸುಮಾರು 6,000 ಬಗೆಯ ಸಸ್ಯ ಪರೀಕ್ಷಿಸಿದ್ದ. ಸರಿಹೊಂದಿದ್ದು ಬೆರಳೆಣಿಕೆಯವು, ಅದರಲ್ಲಿ ಬಿದಿರು ಮುಖ್ಯ. ಉಳಿದವಕ್ಕೆಲ್ಲ ದಾರಿ ತೋರಿಸದೆ ಅಷ್ಟು ದೊಡ್ಡ ಕ್ಲೇಮ್ ನಿಲ್ಲದು ಅಂತ ಕೋರ್ಟ್ ಹೇಳಿತು. ನಿಮ್ಮ ಡ್ರಾಫ್ಟ್‌ನಲ್ಲಿ "ಯಾವುದೇ ಆಡ್ಸಾರ್ಬೆಂಟ್" (ಜಿಯೋಲೈಟ್‌ನಂತೆ ಅನಿಲ ಹಿಡಿಯುವ ವಸ್ತು) ಅಂತ ಇದ್ದರೆ ಇದನ್ನು ನೆನಪಿಸಿಕೊಳ್ಳಿ. 2023ರಲ್ಲಿ ಆಮ್ಜೆನ್ ಮತ್ತು ಸನೋಫಿ ನಡುವಿನ ಔಷಧಿ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಈ ಬಲ್ಬ್ ಕೇಸನ್ನೇ ಮತ್ತೆ ಎತ್ತಿ ಹೇಳಿತು. ಜಾಸ್ತಿ ಕ್ಲೇಮ್ ಮಾಡಿದರೆ ಜಾಸ್ತಿ ಕಲಿಸಿಕೊಡಬೇಕು ಅಂತ.

ಎರಡನೆಯದು ನಮ್ಮ ಗಣಿ ಜಿಲ್ಲೆಯವರಿಗೆ ಹತ್ತಿರದ್ದು. 1916ರ ಮಿನರಲ್ಸ್ ಸೆಪರೇಷನ್ ಕೇಸು. ಅದಿರನ್ನು ಪುಡಿ ಮಾಡಿ, ನೀರಿಗೆ ಸ್ವಲ್ಪ ಎಣ್ಣೆ ಹಾಕಿ, ನೊರೆಯಲ್ಲಿ ಲೋಹದ ಕಣ ಮೇಲೆತ್ತುವ ವಿಧಾನ. ಪ್ರತಿ ಅದಿರಿಗೂ ಎಣ್ಣೆ ಎಷ್ಟು ಅಂತ ಮತ್ತೆ ಪರೀಕ್ಷೆ ಮಾಡಬೇಕು, ಹಾಗಾಗಿ ವಿವರಣೆ ಸಾಲದು ಅಂತ ಎದುರಾಳಿಗಳು ವಾದಿಸಿದರು. ಕೋರ್ಟ್ ಒಪ್ಪಲಿಲ್ಲ. ಅದಿರೇ ಒಂದರಂತೆ ಒಂದು ಇರುವುದಿಲ್ಲ, ಕೆಲಸ ಬಲ್ಲವನು ಮಿತಿಯೊಳಗೆ ಒಂದಿಷ್ಟು ಹೊಂದಿಸಿಕೊಳ್ಳಬಹುದು ಅಂದಿತು. ಸಂಡೂರಿನಲ್ಲಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ, ಇದು ಎಷ್ಟು ನಿಜ ಅಂತ ಹೇಳುತ್ತಾರೆ.

ಅಂದರೆ ಸ್ವಲ್ಪ ಹೊಂದಾಣಿಕೆ ಓದುವವನಿಗೆ ಬಿಡಬಹುದು. ಸಂಶೋಧನೆಯನ್ನೇ ಅವನ ತಲೆಗೆ ಕಟ್ಟುವ ಹಾಗಿಲ್ಲ. ಮುಂಡರಗಿಯವರೇ, ನಿಮ್ಮ ಟೈಮಿಂಗ್ ಲೆಕ್ಕ ಇವೆರಡರಲ್ಲಿ ಯಾವುದು? ನೀವೇ ಅದನ್ನು "ನಮ್ಮ ಜೀವ" ಅಂದಿರಿ. ಹಾಗಾದರೆ ಅದು ಒಳಗೆ ಇರಲೇಬೇಕು.

ಹೊಸಪೇಟೆ ಬಯೋಮೆಡಿಕಲ್

ಒಂದು ಮಾತು ಸೇರಿಸುತ್ತೇನೆ. 2021ರಲ್ಲಿ ತೋರಣಗಲ್ಲಿನಿಂದ ದ್ರವ ಆಕ್ಸಿಜನ್ ಟ್ಯಾಂಕರ್‌ಗಳು ಹೊರಟಿದ್ದನ್ನು ನಾವೆಲ್ಲ ನೋಡಿದ್ದೇವೆ. ಆಮೇಲೆ ಆಸ್ಪತ್ರೆಗಳಿಗೆ ಪಿಎಸ್‌ಎ ಪ್ಲಾಂಟ್‌ಗಳೂ ಬಂದವು. ನಾನು ಸರ್ವೀಸ್ ಮಾಡಿದ ಒಂದು ಪ್ಲಾಂಟ್‌ನ ಕೈಪಿಡಿಯಲ್ಲಿ ಇನ್‌ಲೆಟ್ ಗಾಳಿಯ ಬಿಸಿ ಎಷ್ಟರವರೆಗೆ ಇರಬಹುದು ಅನ್ನುವುದೇ ಇರಲಿಲ್ಲ. ಬೇಸಿಗೆ ಮಧ್ಯಾಹ್ನ ಅಲಾರಂ ಹೊಡೆದುಕೊಳ್ಳುತ್ತಿತ್ತು, ಏನು ಬದಲಿಸಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ಕೈಪಿಡಿ ಬೇರೆ, ಪೇಟೆಂಟ್ ಬೇರೆ, ಒಪ್ಪುತ್ತೇನೆ. ಆದರೆ ಬರೆಯುವವರು ಓಡಿಸುವವನನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆಯಲಿ. ನಿಮ್ಮ ಪ್ಲಾಂಟ್ ನಮ್ಮ ಬಿಸಿಲಿಗೇ ಮಾಡಿದ್ದು ಅಂತ ಓದಿ ತುಂಬಾ ಖುಷಿಯಾಯಿತು.

ಮುಂಡರಗಿ ಶೆಡ್

ಧನ್ಯವಾದ ಎಲ್ಲರಿಗೂ. ಮೇಡಂ, ಹಾಗಾದರೆ ಏನೇನು ಬರೆಯಬೇಕು? ಬೋಲ್ಟ್ ಸೈಜ್‌ವರೆಗೂ ಬರೆಯಬೇಕಾ?

ಕ್ಲೇಮ್ ಕಪಾಟು

ಬೇಡ. ಆ ಕೆಲಸ ಬಲ್ಲವನಿಗೆ ಗೊತ್ತಿರುವುದನ್ನು ಬರೆಯಬೇಕಾಗಿಲ್ಲ. ಆಕ್ಸಿಜನ್ ಲೈನ್‌ನಲ್ಲಿ ಎಣ್ಣೆ, ಗ್ರೀಸ್ ಇರಬಾರದು ಅಂತ ನಿಮ್ಮ ವೆಲ್ಡರ್ ಹುಡುಗನಿಗೂ ಗೊತ್ತು. ಫ್ಲೇಂಜ್, ಗ್ಯಾಸ್ಕೆಟ್ ಅವನೇ ಆರಿಸಿಕೊಳ್ಳುತ್ತಾನೆ. ನಿಮ್ಮ ಪ್ಲಾಂಟ್ ಬೇರೆ ಪ್ಲಾಂಟ್‌ಗಿಂತ ಎಲ್ಲಿ ಬೇರೆ ಆಗುತ್ತದೋ ಅಲ್ಲಿ ಕೈ ಬಿಗಿ ಹಿಡಿಯಬೇಡಿ.

ಬೆಡ್‌ನ ವ್ಯಾಸ, ಎತ್ತರ, ಯಾವ ಪದರ ಎಷ್ಟು ದಪ್ಪ. ಯಾವ ಒತ್ತಡದಲ್ಲಿ ಹಿಡಿಯುತ್ತದೆ, ಯಾವ ವ್ಯಾಕ್ಯೂಮ್‌ವರೆಗೆ ಎಳೆಯುತ್ತೀರಿ. ಒಂದು ಸೈಕಲ್‌ನ ಪ್ರತಿ ಹಂತದಲ್ಲಿ ಯಾವ ವಾಲ್ವ್ ತೆರೆದಿದೆ, ಯಾವುದು ಮುಚ್ಚಿದೆ, ಎಷ್ಟು ಸೆಕೆಂಡು. ಇದನ್ನು ಒಂದು ಕೋಷ್ಟಕದಲ್ಲಿ ಹಾಕಿ. ಆಮೇಲೆ ಜೀವದ ಭಾಗ. ಎಲ್ಲಿಂದ ರೀಡಿಂಗ್ ತೆಗೆದುಕೊಳ್ಳುತ್ತೀರಿ, ಅದು ಎಷ್ಟು ಬದಲಾದರೆ ಯಾವ ಹಂತ ಎಷ್ಟು ಸೆಕೆಂಡು ಬದಲಾಗುತ್ತದೆ. ಪಿಎಲ್‌ಸಿಯ ಕೋಡ್ ಬೇಕಾಗಿಲ್ಲ, ಫ್ಲೋಚಾರ್ಟ್ ಬೇಕು. ಬರೀ ಪ್ರೋಗ್ರಾಂ ಅನ್ನುವ ಹಾಗೆ ಕ್ಲೇಮ್ ಬರೆದರೆ ಸೆಕ್ಷನ್ 3(ಕೆ) ಅಡ್ಡ ಬರುತ್ತದೆ. ಬೆಡ್, ಸೆನ್ಸರ್, ವಾಲ್ವ್ ಸೇರಿದ ಪ್ಲಾಂಟ್ ಅಂತಲೇ ಕ್ಲೇಮ್ ಕಟ್ಟಬೇಕು.

ಇನ್ನೊಂದು ಮುಖ್ಯ. ಜಿಯೋಲೈಟನ್ನು ಕಂಪನಿಯ ಹೆಸರಿನಿಂದ ಮಾತ್ರ ಬರೆಯಬೇಡಿ. ನಾಳೆ ಆ ಕಂಪನಿ ಒಳಗಿನ ಮಾಲು ಬದಲಿಸಿದರೆ ನಿಮ್ಮ ವಿವರಣೆಯೇ ಖಾಲಿ.

ರಾಯಚೂರು ಮೇಷ್ಟ್ರು

ಮೇಡಂ ಹೇಳಿದ್ದಕ್ಕೆ ಒಳ್ಳೆಯ ಮಾದರಿ ಇದೆ. 1989ರಲ್ಲಿ ಯೂನಿಯನ್ ಕಾರ್ಬೈಡ್‌ಗೆ ಲಿಥಿಯಂ ಜಿಯೋಲೈಟ್ ಮೇಲೆ ಸಿಕ್ಕ ಅಮೆರಿಕದ ಪೇಟೆಂಟ್. ಅದರಲ್ಲಿ "ಲಿಥಿಯಂ ಇರುವ ಜಿಯೋಲೈಟ್" ಅಂತ ಸುಮ್ನೆ ಬರೆದು ಬಿಟ್ಟಿಲ್ಲ. ಜಿಯೋಲೈಟ್‌ನಲ್ಲಿ ಬದಲಾಯಿಸಬಹುದಾದ ಅಯಾನುಗಳ ಪೈಕಿ ಲಿಥಿಯಂ ಕನಿಷ್ಠ ಶೇ. 88 ಇರಬೇಕು ಅಂತ ಗೆರೆ ಎಳೆದಿದ್ದಾರೆ. ಲಿಥಿಯಂ ಆ ಮಟ್ಟ ದಾಟಿದ ಮೇಲೆ ನೈಟ್ರೋಜನ್ ಹಿಡಿಯುವ ಶಕ್ತಿ ಹೇಗೆ ಏರುತ್ತದೆ ಅನ್ನುವುದೇ ಅವರ ಆವಿಷ್ಕಾರ. ಹಾಗಾಗಿ ಅಂಕಿಯೇ ಕ್ಲೇಮ್.

ಎರಡು ಬೆಡ್ ಸರದಿಯಲ್ಲಿ ಓಡಿಸುವ ಮೂಲ ವಿಧಾನಕ್ಕೆ ಸ್ಕಾರ್‌ಸ್ಟ್ರಾಮ್ 1958ರಲ್ಲಿ ಅರ್ಜಿ ಹಾಕಿದ, 1960ರಲ್ಲಿ ಪೇಟೆಂಟ್ ಸಿಕ್ಕಿತು. ಅದು ಯಾವತ್ತೋ ಮುಗಿದಿದೆ. ಇವತ್ತು ಮುಂಡರಗಿಯ ಶೆಡ್‌ನಲ್ಲಿ ಎರಡು ಬೆಡ್ ಓಡುತ್ತಿರುವುದಕ್ಕೆ ಆ ಮನುಷ್ಯ ಬಿಚ್ಚಿ ಬರೆದಿಟ್ಟದ್ದೂ ಒಂದು ಕಾರಣ ಅಲ್ವಾ?

ಕೋಲ್ಡ್ ಬಾಕ್ಸ್ ತೋರಣಗಲ್ಲು

ಅಣ್ಣ, ನಿಮ್ಮ ಗುಟ್ಟು ಕೇಳುತ್ತಿಲ್ಲ. ಎಲ್ಲರಿಗೂ ಗೊತ್ತಿರುವುದನ್ನೇ ಹೇಳುತ್ತೇನೆ, ಡ್ರಾಫ್ಟ್ ಮಾಡುವಾಗ ಉಪಯೋಗ ಆಗಬಹುದು. ತಳದಲ್ಲಿ ಅಲ್ಯುಮಿನಾ ಪದರ ಹಾಕಿ ತೇವ ತಡೆಯುವುದು ಹಳೆಯ ಪದ್ಧತಿ. ಅದನ್ನೇ ಹೊಸದು ಅಂತ ಹೇಳಬೇಡಿ, ಪರೀಕ್ಷಕರು ಮೊದಲ ವರದಿಯಲ್ಲೇ ಎತ್ತುತ್ತಾರೆ. ಅಲ್ಯುಮಿನಾ ಮುಗಿದು ಜಿಯೋಲೈಟ್ ಶುರುವಾಗುವ ಜಾಗದಲ್ಲಿ ವಿಪಿಎಸ್‌ಎ ಬೆಡ್ ತುಂಬಾ ತಣ್ಣಗಾಗುತ್ತದೆ. ಹೊರಗೆ ಬಿಸಿಲು ಸುಡುತ್ತಿರುತ್ತದೆ, ಒಳಗೆ ಆ ಒಂದು ಮಟ್ಟದಲ್ಲಿ ಹೊರಗಿನ ಗಾಳಿಗಿಂತ ಹತ್ತಾರು ಡಿಗ್ರಿ ಕಮ್ಮಿ. ಪೈಪಿನ ಮೇಲೆ ಕೈ ಇಟ್ಟರೆ ಗೊತ್ತಾಗುವುದಿಲ್ಲ, ಒಳಗೆ ಬಿಸಿ ಅಳೆಯುವ ಥರ್ಮೋಕಪಲ್ ಇಳಿಬಿಡಬೇಕು. ಇದೂ ಪ್ರಕಟವಾದ ವಿಷಯವೇ. ನಿಮ್ಮದು ಇದಕ್ಕೆ ಸಂಬಂಧಪಟ್ಟಿದ್ದರೆ, ಗೊತ್ತಿದ್ದದ್ದು ಎಲ್ಲಿಗೆ ಮುಗಿಯಿತು, ನಿಮ್ಮದು ಎಲ್ಲಿಂದ ಶುರು ಅನ್ನುವ ಗೆರೆಯನ್ನು ಸ್ಪಷ್ಟವಾಗಿ ಎಳೆಯಿರಿ. ಥರ್ಮೋಕಪಲ್ ತಳದಿಂದ ಎಷ್ಟು ಎತ್ತರದಲ್ಲಿದೆ ಅನ್ನುವುದನ್ನೂ ಬಿಡಬೇಡಿ. ಒಂದು ಗೇಣು ಮೇಲೆ ಕೆಳಗೆ ಆದರೂ ರೀಡಿಂಗ್ ಬೇರೆಯದೇ ಬರುತ್ತದೆ.

ಗಂಗಾವತಿ ಫ್ಯಾಬ್ರಿಕೇಟರ್

ಓದುತ್ತಾ ಬಂದ ಹಾಗೆ ನನಗೂ ಆಸೆ ಹುಟ್ಟುತ್ತಿದೆ. ಖರ್ಚು ಎಷ್ಟು ಮೇಡಂ? ಚೆನ್ನೈಗೆ ಓಡಾಡಬೇಕಾ?

ಕ್ಲೇಮ್ ಕಪಾಟು

ಕರ್ನಾಟಕಕ್ಕೆ ಚೆನ್ನೈ ಕಚೇರಿಯೇ. ಆದರೆ ಎಲ್ಲ ಆನ್‌ಲೈನ್, ಓಡಾಟ ಇಲ್ಲ. ಸ್ವಂತ ಹೆಸರಿನಲ್ಲಿ ಆನ್‌ಲೈನ್ ಅರ್ಜಿಗೆ ಸರ್ಕಾರಿ ಫೀಸ್ 1,600 ರೂಪಾಯಿ, ಪರೀಕ್ಷೆಗೆ 4,000. ಏಜೆಂಟ್ ಫೀಸ್ ಬೇರೆ. ಅರ್ಜಿ ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಇರಬೇಕು. ಆದರೆ ನೀವು ನನಗೋ ಬೇರೆ ಏಜೆಂಟ್‌ಗೋ ಕನ್ನಡದಲ್ಲೇ ಬರೆದು ಕೊಡಿ. ಮೆಷಿನ್ ಮುಂದೆ ನಿಂತು ಹೇಗೆ ಮಾತಾಡುತ್ತೀರೋ ಹಾಗೇ ಬರೆಯಿರಿ. ಇಂಗ್ಲಿಷ್ ಬರೆಯಲು ಹೋದರೆ ನಮ್ಮ ಜನ ಮೊದಲು ಬಿಡುವುದೇ ಅಂಕಿಗಳನ್ನು.

ಮುಂಡರಗಿ ಸರ್, ಒಂದು ಪ್ರಶ್ನೆ. ಈ ಹೊಸ ಟೈಮಿಂಗ್ ಇರುವ ಪ್ಲಾಂಟ್ ಯಾರಿಗಾದರೂ ಮಾರಿದ್ದೀರಾ?

ಮುಂಡರಗಿ ಶೆಡ್

ಇಲ್ಲ ಮೇಡಂ. ನಮ್ಮ ಶೆಡ್‌ನಲ್ಲೇ ಟ್ರಯಲ್ ಓಡಿಸುತ್ತಿದ್ದೇವೆ. ಒಬ್ಬರು ಅಡ್ವಾನ್ಸ್ ಕೊಡಲು ಬಂದಿದ್ದಾರೆ.

ಕ್ಲೇಮ್ ಕಪಾಟು

ಸ್ವಲ್ಪ ತಡೆಯಿರಿ. ಟ್ರಯಲ್‌ಗೆ ತೊಂದರೆ ಇಲ್ಲ. ಅರ್ಜಿಗೆ ಮೊದಲು ಮಾರಿದರೆ, ಅಥವಾ ಗುಟ್ಟಾಗಿ ವ್ಯಾಪಾರಕ್ಕೆ ಬಳಸಿದರೆ, ಅದೇ ರದ್ದಿಗೆ ಕಾರಣ ಆಗುತ್ತದೆ. ಮೊದಲು ಪ್ರಾವಿಜನಲ್ (ದಿನಾಂಕ ಹಿಡಿಯುವ ತಾತ್ಕಾಲಿಕ ಅರ್ಜಿ) ಹಾಕಿ, ಆಮೇಲೆ ಅಡ್ವಾನ್ಸ್ ತೆಗೆದುಕೊಳ್ಳಿ.

ಪ್ರಾವಿಜನಲ್ ಅಂದರೆ ಎರಡು ಪುಟ ಗೀಚಿ ಹಾಕುವುದು ಅಂತ ಅಂದುಕೊಳ್ಳಬೇಡಿ. ಅದರಲ್ಲಿ ಇಲ್ಲದ ವಿಷಯಕ್ಕೆ ಆ ದಿನಾಂಕ ಸಿಗುವುದಿಲ್ಲ. ತಳದ ವ್ಯವಸ್ಥೆ, ಲೆಕ್ಕ, ಈಗಿರುವ ರೀಡಿಂಗ್ ಎಲ್ಲ ಅದರಲ್ಲೇ ಇರಲಿ. 12 ತಿಂಗಳೊಳಗೆ ಕಂಪ್ಲೀಟ್ ಸ್ಪೆಸಿಫಿಕೇಷನ್, ಅಂದರೆ ಕ್ಲೇಮ್ ಸಮೇತ ಪೂರ್ತಿ ವಿವರಣೆ, ಕೊಡಬೇಕು. ಅದು ಕೊಟ್ಟ ಮೇಲೆ ಬಾಗಿಲು ಮುಚ್ಚಿದ ಹಾಗೇ. ಸೆಕ್ಷನ್ 59ರ ಪ್ರಕಾರ ತಿದ್ದಬಹುದು, ವಿವರಿಸಬಹುದು, ಆದರೆ ಅಲ್ಲಿ ಇಲ್ಲದ ಹೊಸ ವಿಷಯ ತುರುಕಲು ಆಗುವುದಿಲ್ಲ. ವಿವರ ಸಾಲದು ಅಂತ ಪರೀಕ್ಷಕರು ಕೇಳಿದಾಗ "ತಗೊಳ್ಳಿ ಸರ್, ಲೆಕ್ಕ ಇಲ್ಲಿದೆ" ಅಂತ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ಇಟ್ಟುಕೊಂಡವರಿಗೆ ಆಗ ಕೊಡುವ ಮನಸ್ಸು ಬಂದರೂ ದಾರಿ ಇರುವುದಿಲ್ಲ. ಎಷ್ಟೋ ಒಳ್ಳೆಯ ಕೆಲಸ ಹೀಗೇ ಹಾಳಾಗುವುದು ನೋಡಿ ನನಗೆ ಬೇಜಾರಾಗುತ್ತದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮುಂಡರಗಿ ಶೆಡ್

ಸರಿ ಮೇಡಂ, ತೀರ್ಮಾನ ಮಾಡಿದೆ. ಲೆಕ್ಕ ಪೂರ್ತಿ ಬರೆಯುತ್ತೇನೆ. ಕ್ಲೇಮ್ ಶೇ. 90ರಿಂದ 94ಕ್ಕೆ ನಿಲ್ಲಿಸುತ್ತೇನೆ, ಮೀಟರ್‌ನಲ್ಲಿ ಕಂಡದ್ದಷ್ಟೇ. ಬರೆದದ್ದು ಸಾಕಾಗಿದೆಯಾ ಇಲ್ಲವಾ ಅಂತ ತಿಳಿಯುವುದು ಹೇಗೆ? ನಾನು ಓದಿದರೆ ನನಗೆ ಎಲ್ಲ ಅರ್ಥ ಆಗೇ ಆಗುತ್ತದೆ.

ರಾಯಚೂರು ಮೇಷ್ಟ್ರು

ಪ್ರಾವಿಜನಲ್ ನಂಬರ್ ಬಂದ ಮೇಲೆ ಹೇಳಿ. ನಿಮ್ಮ ಪ್ಲಾಂಟ್ ನೋಡೇ ಇರದ ಇಬ್ಬರು ಡಿಪ್ಲೊಮಾ ಹುಡುಗರನ್ನು ಕೂರಿಸುತ್ತೇನೆ. ಡ್ರಾಫ್ಟ್ ಓದಿ ಪೈಪಿಂಗ್ ಚಿತ್ರ ಮತ್ತು ವಾಲ್ವ್ ಕೋಷ್ಟಕ ಬರೆಯಲಿ. ಎಲ್ಲಿ ನಿಲ್ಲುತ್ತಾರೋ ನೋಡೋಣ.

ಕ್ಲೇಮ್ ಕಪಾಟು

ತುಂಬಾ ಒಳ್ಳೆಯ ಯೋಚನೆ ಮೇಷ್ಟ್ರೇ. ಹುಡುಗರಿಂದ ಗೌಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿಸಿ, ಕರಡು ನಾನು ಕಳಿಸುತ್ತೇನೆ. ಮುಂಡರಗಿ ಸರ್, ಅವರು ಫೋನ್ ಮಾಡಿ ಕೇಳಿದರೆ ಬಾಯಿ ಮಾತಲ್ಲಿ ಉತ್ತರ ಕೊಡಬೇಡಿ. ಪ್ರಶ್ನೆ ಬರೆದಿಟ್ಟುಕೊಳ್ಳಿ, ಉತ್ತರವನ್ನು ಕಂಪ್ಲೀಟ್ ಸ್ಪೆಸಿಫಿಕೇಷನ್‌ಗೆ ಒಂದು ಪ್ಯಾರಾ ಆಗಿ ಸೇರಿಸೋಣ. ಆ 12 ತಿಂಗಳಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ ಎರಡೂ ಸಿಗುತ್ತವೆ. ಎರಡರ ರೀಡಿಂಗನ್ನೂ ದಿನಾಂಕ ಸಮೇತ ಪುಸ್ತಕದಲ್ಲಿ ಬರೆಯುತ್ತಾ ಹೋಗಿ, ಉದಾಹರಣೆಗಳಾಗಿ ಹಾಕೋಣ. ಅಡ್ವಾನ್ಸ್ ಕೊಡಲು ಬಂದವರಿಗೆ ಈ ವಾರ ಮಾತ್ರ ಕಾಯಲು ಹೇಳಿ.